ಬೋಲ್ಟಿನ ಕೆಳಗಿನ ಹೊಸ ಬಣ್ಣ

ಆಯುಧಪೂಜೆಗೆಂದು ಹಳೆಯ ಕಾರಿಗೆ ಹೊಸ ಬಣ್ಣ ಬಳಿದ ದಿನದಿಂದ ಅದರ ಹಾರ್ನಿನ ದನಿ ಅಡಗಿತ್ತು. ಸಂಜೆಯೊಳಗೆ ಕೂಗದಿದ್ದರೆ ಕಿತ್ತು ಗುಜರಿಗೆ ಹಾಕುತ್ತೇನೆಂದು ಮಾಲೀಕ ಹೇಳಿದ್ದ.

"ನಿನಗೆ ವಯಸ್ಸಾಯ್ತು ಬಿಡಪ್ಪ. ನಾನಂತೂ ಕರೆಂಟು ಕಳಿಸುತ್ತಲೇ ಇದ್ದೇನೆ," ಎಂದಿತು ಬ್ಯಾಟರಿ.

"ಅದು ನನ್ನ ಬಾಗಿಲಿಗೆ ಬಂದು ನಿಂತಿದೆ," ಎಂದಿತು ಹಾರ್ನ್. "ಮೊದಲು ನನ್ನ ಬೋಲ್ಟಿನಿಂದ ಕಾರಿನ ಕಬ್ಬಿಣಕ್ಕಿಳಿದು ನಿನ್ನ ಬಳಿಗೆ ಮರಳುತ್ತಿತ್ತು. ಅಂದರೆ, ಮರಳುವ ದಾರಿ ಇದ್ದರೆ ಮಾತ್ರ ನನಗೆ ದನಿ. ಈಗ ನಡುವೆ ಬಣ್ಣ ಕೂತಿದೆ."

"ನಾನು ಬಂದದ್ದೇ ಅಂದಕ್ಕೆ," ಎಂದಿತು ಬಣ್ಣ.

"ಬೋಲ್ಟಿನ ಕೆಳಗೆ ನಿನ್ನ ಅಂದ ನೋಡುವವರು ಯಾರು, ಮಾರಾಯ?" ಎಂದಿತು ಹಾರ್ನ್.

ಬಣ್ಣ ಯೋಚಿಸಿತು. ಬೋಲ್ಟಿನಡಿಯಲ್ಲಿ ಮಾತ್ರ ಹಪ್ಪಳದಂತೆ ಕಳಚಿಕೊಂಡಿತು.

ಸಂಜೆ ಮಾಲೀಕ ಸ್ಪ್ಯಾನರ್ ಹಿಡಿದು ಬಂದು, ಕೊನೆಯ ಸಲವೆಂದು ಗುಂಡಿ ಒತ್ತಿದ. ಹಾರ್ನ್ ಬೀದಿಗೆಲ್ಲ ಕೇಳುವಂತೆ ಕೂಗಿತು. ಸ್ಪ್ಯಾನರ್ ಪೆಟ್ಟಿಗೆಗೆ ಮರಳಿತು.