ತಟ್ಟೆಯಲ್ಲಿ ತೋರಿಸಿದ ಮಸಿ

ಪಣಕ್ಕಿದ್ದದ್ದು ನಾಲ್ಕೂವರೆ ಸಾವಿರ ರೂಪಾಯಿ, ಜೊತೆಗೆ ಒಬ್ಬ ಡ್ರೈವರನ ಮರ್ಯಾದೆ. ಮೊದಲನೆಯದಕ್ಕೆ ರಸೀದಿ ಇತ್ತು. ಎರಡನೆಯದಕ್ಕೆ ಇರಲಿಲ್ಲ.

ಬ್ಯಾಡಗಿಯಲ್ಲಿ ಚನ್ನವೀರಪ್ಪ ಎಂಬ ಮೆಣಸಿನಕಾಯಿ ವ್ಯಾಪಾರಿ. ಅವನದೊಂದು ಹಳೆಯ ಡೀಸೆಲ್ ಕಾರು. ಅದನ್ನು ಓಡಿಸುತ್ತಿದ್ದವನು ಫಕ್ಕೀರಪ್ಪ, ಕಾರು ಬಂದ ದಿನದಿಂದ ಅವನೇ. ಒಂದು ಬೇಸಿಗೆ ಕಾರು ಕಪ್ಪು ಹೊಗೆ ಕಾರತೊಡಗಿತು. ಏರು ಬಂದರೆ ಎಳೆಯದು. ಡೀಸೆಲ್ ಮಾತ್ರ ಕುಡಿದೇ ಕುಡಿಯಿತು.

ಗ್ಯಾರೇಜಿನ ರುದ್ರೇಶ ಬಾನೆಟ್ ಎತ್ತಿ ನೋಡಿ ರೋಗ ಹೇಳಿದ. ಇಂಜಿನ್ನಿಗೆ ಗಾಳಿ ಹೋಗುವ ಕೊಳವೆ, ಅಂದರೆ ಇಂಟೇಕ್ ಮ್ಯಾನಿಫೋಲ್ಡ್, ಅದರೊಳಗೆ ಮಸಿಯೂ ಎಣ್ಣೆಜಿಡ್ಡೂ ಕಟ್ಟಿಕೊಂಡಿದೆ, ಗಾಳಿ ಸಾಲದೆ ಇಂಜಿನ್ ಏದುಸಿರು ಬಿಡುತ್ತಿದೆ, ಬಿಚ್ಚಿ ತೊಳೆಯಬೇಕು, ನಾಲ್ಕೂವರೆ ಸಾವಿರ ಆಗುತ್ತದೆ ಎಂದ. ರೋಗ ಹೇಳಿದ್ದು ಸರಿಯೇ. ಅಷ್ಟನ್ನು ಒಪ್ಪಬೇಕು.

ಸಂಜೆಗೆ ಕಾರು ತಯಾರು. ಇಂಜಿನ್ ಮೇಲೆಲ್ಲ ಪಾಲಿಶ್ ಹೊಡೆದು ಮಿಂಚುತ್ತಿತ್ತು. ರುದ್ರೇಶ ಒಂದು ಸ್ಟೀಲ್ ತಟ್ಟೆ ತಂದು ಮುಂದೆ ಹಿಡಿದ. ಅದರಲ್ಲಿ ಅಂಟಂಟಾದ ಕಪ್ಪು ಮಸಿ, ಒಂದು ರಾಶಿ. ತೆಗೆದ ಕೊಳೆಯನ್ನು ಗಿರಾಕಿಗೆ ತೋರಿಸುವುದು ಅವನ ಗ್ಯಾರೇಜಿನ ಪದ್ಧತಿ. ನಿಮ್ಮ ಗಾಡಿಯ ಹೊಟ್ಟೆಯಲ್ಲಿದ್ದದ್ದು ಇದೇ ಎಂದ. ಚನ್ನವೀರಪ್ಪ ಮೊದಲು ಹೌಹಾರಿದ, ಆಮೇಲೆ ಖುಷಿಪಟ್ಟ. ಫೋಟೋ ತೆಗೆದು ಪೇಟೆಯ ಗೆಳೆಯರಿಗೆಲ್ಲ ಕಳಿಸಿದ. ದುಡ್ಡು ಕೊಟ್ಟ.

ತಿಂಗಳಾಯಿತು. ಹೊಗೆ ಹೋಗಲಿಲ್ಲ, ಡೀಸೆಲ್ ಖರ್ಚೂ ಇಳಿಯಲಿಲ್ಲ. ಕೇಳಲು ಹೋದರೆ ರುದ್ರೇಶ ನಕ್ಕ. ಮಸಿ ತೆಗೆದದ್ದನ್ನು ನೀವೇ ಕಣ್ಣಾರೆ ನೋಡಿದ್ದೀರಿ, ಹೊಗೆ ಬರುವುದು ಓಡಿಸುವವನ ಕಾಲಿನ ತಪ್ಪು, ಇನ್ನು ಡೀಸೆಲ್ ಎಲ್ಲಿ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ, ಕೀಲಿ ಯಾರ ಕೈಯಲ್ಲಿದೆಯೋ ಅವರನ್ನು ಕೇಳಿ ಎಂದ.

ನೋಡಿ ಇವನ ಧೈರ್ಯ. ಮಾಡದ ಕೆಲಸಕ್ಕೆ ದುಡ್ಡು ತಗೊಂಡದ್ದು ಸಾಲದು ಅಂತ, ಅದನ್ನು ಮುಚ್ಚಿಕೊಳ್ಳಲು ಬೇರೊಬ್ಬನ ತಲೆಗೆ ಕಳ್ಳತನ ಕಟ್ಟಿದ.

ಚನ್ನವೀರಪ್ಪ ಅಂಗಡಿಗೆ ಬಂದವನೇ ಫಕ್ಕೀರಪ್ಪನನ್ನು ಕರೆಸಿದ. ಹಮಾಲರು, ದಲಾಲರು, ಮಾಲು ತಂದ ರೈತರು ಎಲ್ಲರೂ ಇದ್ದರು. ಅವರೆದುರಿಗೇ, ಡೀಸೆಲ್ ಯಾರಿಗೆ ಮಾರಿದೆ ಎಂದು ಕೇಳಿದ. ಸಾವ್ಕಾರರು ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡ ಫಕ್ಕೀರಪ್ಪ. ಮತ್ತೆ ಅದೇ ಮಾತು ಬಂತು. ಆಗ ಕಾರಿನ ಕೀಲಿ ತೆಗೆದು ಗಾದಿಯ ಮೇಲಿಟ್ಟ.

“ಸಾವ್ಕಾರ್ರ, ರೈತ ಮ್ಯಾಲಿನ ಕಾಯಿ ತೋರಿಸಿದ್ರ ನೀವು ನಂಬೂದಿಲ್ಲ. ಚೀಲದ ತಳಕ್ಕ ಕೈ ಹಾಕಿ ನೋಡ್ತೀರಿ. ಆ ಪೈಪಿನ್ಯಾಗೂ ಒಂದು ಬೆರಳು ಹಾಕ್ರಿ. ಆಮ್ಯಾಲೆ ನನ್ನ ಕಳ್ಳ ಅನ್ರಿ.”

ಹೇಳಿ ಹೊರಟುಹೋದ. ಹಮಾಲನೊಬ್ಬ ಮುಸಿಮುಸಿ ನಕ್ಕ. ಆ ನಗೆ ಚನ್ನವೀರಪ್ಪನಿಗೆ ಚುಚ್ಚಿತು.

ಚುಚ್ಚಲೇಬೇಕು. ಮೇಲೆ ಕೆಂಪು ಕಾಯಿ ಹರವಿ ಕೆಳಗೆ ಬಣ್ಣಗೆಟ್ಟ ಬಿಳಿಗಾಯಿ ತುಂಬಿದ ಚೀಲವನ್ನು ಕೈ ಹಾಕಿದೊಡನೆ ಹಿಡಿಯುವ ಆಸಾಮಿ. ಬಡ ರೈತನ ಚೀಲಕ್ಕೆ ಮೊಣಕೈವರೆಗೆ ಇಳಿಯುವ ಕೈ, ಪಾಲಿಶ್ ಹೊಡೆದ ಇಂಜಿನ್ ಎದುರು ಯಾಕೆ ಜೇಬಿನಲ್ಲೇ ಉಳಿಯಿತು?

ತಾನೇ ಕಾರು ಓಡಿಸಿಕೊಂಡು ಗ್ಯಾರೇಜಿಗೆ ಹೋದ. ನನ್ನೆದುರಿಗೆ ಬಿಚ್ಚು ಎಂದ. ಇಂಜಿನ್ ಬಿಸಿ ಇದೆ ಎಂದ ರುದ್ರೇಶ. ಆರಲಿ, ಕೂತಿರುತ್ತೇನೆ ಎಂದ ಇವನು. ಬಿಚ್ಚಿದರೆ ಜೋಡಣೆಯ ಗ್ಯಾಸ್ಕೆಟ್ ಹರಿಯುತ್ತದೆ ಎಂದ ಅವನು. ಹೊಸದು ತರಿಸು ಎಂದ ಇವನು. ನೆಪಗಳೆಲ್ಲ ಮುಗಿದ ಮೇಲೆ ಬೋಲ್ಟು ಬಿಚ್ಚಲೇಬೇಕಾಯಿತು. ಕೊಳವೆಯೊಳಗೆ ಡಾಂಬರಿನಂತೆ ಮಸಿ ಮೆತ್ತಿಕೊಂಡಿತ್ತು. ಎರಡು ಬೆರಳು ಸಲೀಸಾಗಿ ಹೋಗಬೇಕಾದ ಕಡೆ ಪೆನ್ಸಿಲ್ ತೂರುವಷ್ಟು ಸಂದು.

ಹಾಗಾದರೆ ತಟ್ಟೆಯಲ್ಲಿದ್ದದ್ದು? ಬೆಂಚಿನ ಕೆಳಗೆ ಒಂದು ಡಬ್ಬಿ ಮಸಿ ಸಿಕ್ಕಿತು. ಯಾವ ಕಾಲದ್ದೋ, ಯಾವ ಲಾರಿಯದ್ದೋ. ಬಂದವರಿಗೆಲ್ಲ ಅದರಿಂದಲೇ ಬಡಿಸುತ್ತಿದ್ದ.

“ಗಿರಾಕಿಗೆ ಕಣ್ಣಿಗೆ ಕಾಣಬೇಕಲ್ರಿ ಸಾವ್ಕಾರ್ರ,” ಎಂದ ರುದ್ರೇಶ. “ಒಳಗ ಯಾರು ನೋಡ್ತಾರ?”

ಕೇಳಿದಿರಾ? ನಾಚಿಕೆ ಅನ್ನುವುದು ಬೇಡವೇ? ತಪ್ಪೆಲ್ಲ ಗಿರಾಕಿಯ ಕಣ್ಣಿನದಂತೆ.

ಚನ್ನವೀರಪ್ಪ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತ. ಕೊಳವೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಕೆರೆದು, ತಂತಿಬ್ರಷ್ಷಿನಿಂದ ತಿಕ್ಕಿ, ತೊಳೆದು ಒಣಗಿಸಿದ ಮೇಲೆ ಒಳಗೆ ಬೆರಳಾಡಿಸಿ ನೋಡಿಯೇ ಕೂರಿಸಲು ಬಿಟ್ಟ. ಮೇಲೊಂದು ರೂಪಾಯಿ ಕೊಡಲಿಲ್ಲ. ಕಾರಿನ ಹೊಗೆ ನಿಂತಿತು. ಏರನ್ನು ಮೊದಲಿನಂತೆ ಹತ್ತಿತು. ಡೀಸೆಲ್ ಖರ್ಚೂ ಇಳಿಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಹೇಳುತ್ತಲೇ ಇರಲಿಲ್ಲ. ಪೇಟೆಯಲ್ಲಿ ಕಳ್ಳ ಅನ್ನಿಸಿಕೊಂಡವನ ಕೈಗೆ ಆ ಊರಲ್ಲಿ ಯಾರು ಗಾಡಿಯ ಕೀಲಿ ಕೊಡುತ್ತಾರೆ? ಫಕ್ಕೀರಪ್ಪ ಮನೆಯಲ್ಲಿ ಕೂತಿದ್ದ. ಒಂದು ಸಂಜೆ ಚನ್ನವೀರಪ್ಪ ಅವನ ಮನೆಗೆ ಹೋದ. ಚಹಾ ಬಂತು. ನಡೆದದ್ದನ್ನೆಲ್ಲ ಹೇಳಿ, ನನ್ನಿಂದ ತಪ್ಪಾಯಿತು, ಪಗಾರ ಹೆಚ್ಚು ಮಾಡುತ್ತೇನೆ, ನಾಳೆಯಿಂದ ಬಾ ಎಂದ.

ಫಕ್ಕೀರಪ್ಪ ಎಲ್ಲ ಕೇಳಿಸಿಕೊಂಡ.

“ಕಳ್ಳ ಅಂದದ್ದು ಪ್ಯಾಟ್ಯಾಗ,” ಎಂದ. “ತಪ್ಪಾತು ಅನ್ನೂದು ನಮ್ಮನ್ಯಾಗ ಏನ್ರಿ, ಸಾವ್ಕಾರ್ರ?”

ಚನ್ನವೀರಪ್ಪ ಚಹಾ ಕುಡಿದು ಎದ್ದ. ತಪ್ಪಾಯಿತು ಎಂಬ ಮಾತನ್ನು ಪೇಟೆಯಲ್ಲಿ, ಅದೇ ಹಮಾಲರ ಎದುರು ನಿಂತು ಹೇಳಲು ಅವನಿಗೆ ಬಾಯಿ ಬರಲಿಲ್ಲ. ನಾಳೆ ನಾಳೆ ಎಂದು ತಳ್ಳಿದ. ಅಷ್ಟರಲ್ಲಿ ಫಕ್ಕೀರಪ್ಪ ಹೆಂಡತಿ ಮಕ್ಕಳ ಸಮೇತ ರಾಣೇಬೆನ್ನೂರಿಗೆ ಹೋಗಿ ಯಾರದ್ದೋ ಟೆಂಪೊ ಓಡಿಸತೊಡಗಿದ.

ಈ ವ್ಯವಹಾರದಲ್ಲಿ ವ್ಯಾಪಾರಿಗೆ ಒಟ್ಟು ದಕ್ಕಿದ್ದು: ಸ್ವಚ್ಛವಾದ ಒಂದು ಕೊಳವೆ.

ನೀತಿ: ಯಾರೋ ತಟ್ಟೆಯಲ್ಲಿ ಹಿಡಿದು ತೋರಿಸಿದ್ದನ್ನು ಸಾಕ್ಷಿ ಅಂತ ನಂಬಿ ಮನುಷ್ಯನ ಮೇಲೆ ಕಳ್ಳತನ ಹೊರಿಸಬೇಡಿ; ಮೊದಲು ಒಳಗೆ ಕೈ ಹಾಕಿ ನೋಡಿ. ಹೊರಿಸಿಯೇ ಬಿಟ್ಟಿದ್ದರೆ, ಯಾರೆದುರು ಹೊರಿಸಿದಿರೋ ಅವರೆದುರೇ ತಪ್ಪು ಒಪ್ಪಿಕೊಳ್ಳಿ. ಮನೆಗೆ ಹೋಗಿ ಗುಟ್ಟಾಗಿ ಕೇಳಿದ ಕ್ಷಮೆ ಚಹಾದ ಖರ್ಚಿಗೂ ಸಮವಲ್ಲ.