ತಮಟೆಯೋನು ಗತ್ತು ಮರೆತದ್ದು

"ಉಸ್ತಾದ್, ಹೆದರ್ಕೊಂಡ್ರೆ ಕುಯ್ದ ಗಾಯ ಮಾಯಲ್ವಂತೆ, ನಿಜವಾ?"

ಕೇಳಿದೋನು ಗರಡಿ ಶಿಷ್ಯ ದ್ಯಾವಣ್ಣ. ನಾಳೆ ಅವನ ಹೊಟ್ಟೆ ಕುಯ್ದು ಗಡ್ಡೆ ತೆಗೀತಾರೆ. ಹೆದರಿಕೆಗೆ ರಕ್ತದಲ್ಲಿ ಅದೇನೋ ಹಾರ್ಮೋನು ಏರುತ್ತೆ, ಅದು ಮೈ ಕಾಯೋ ಕಣಗಳನ್ನ ಮಂಕು ಮಾಡುತ್ತೆ ಅಂತ ಯಾರೋ ಕಿವಿಗೆ ಹಾಕಿದ್ರು. ಅವತ್ತಿಂದ ಅವನಿಗೆ ತನ್ನ ಹೆದರಿಕೆ ಕಂಡ್ರೇನೇ ಹೆದರಿಕೆ. ಆಪರೇಷನ್ನೇ ಬೇಡ ಅಂತ ಕೂತುಬಿಟ್ಟಿದ್ದ.

ಉಸ್ತಾದ್ ಮೀಸೆ ತಿರುವಿದ. "ಸರಿಯಾದೋನ್ನೇ ಕೇಳ್ದೆ. ಈ ಸೀಮೇಲಿ ಇದನ್ನ ಬಲ್ಲೋನು ನಾನೊಬ್ನೇ. ಕೇಳು."

ಒಂದೂರು. ಆ ಊರ ಕೆರೆ ಏರಿಯೊಳಗಿನ ನೀರು ಬಿಡೋ ತೂಬು ಕೊಳೆತುಹೋಗಿತ್ತು. ತೆಗೀಬೇಕಂದ್ರೆ ಏರಿ ಕುಯ್ಯಬೇಕು. ಕುಯ್ದ ಬಾಯಿ ಬೇಗ ಮುಚ್ಚದಿದ್ರೆ ಊರೇ ಕೊಚ್ಕೊಂಡು ಹೋಗುತ್ತೆ.

ಊರ ಗೌಡ ತಮಟೆಯೋನಿಗೆ ಅಂದ, "ನೀನು ಬಾರಿಸ್ಬೇಡ ಕಣ್ಲಾ. ಜನ ಗಾಬರಿ ಬೀಳ್ತಾರೆ."

"ಗಾಬರಿ ಬಿದ್ರೆ ತಾನೆ ಬುದ್ದಿ, ಮನೆಯಿಂದ ಈಚೆ ಬರೋದು?"

ಏರಿಗೆ ಗುದ್ದಲಿ ಬೀಳ್ತಿದ್ದಂಗೇ ಅವನು ಜನಾನ ಕರೆಯೋ ಪೆಟ್ಟು, ಕರೆಗತ್ತು ಬಾರಿಸ್ದ. ಹೆಂಗಸ್ರು ಗಂಡಸ್ರು ಮಣ್ಣು ಹೊರೋ ಮಂಕರಿ ಹೊತ್ಕೊಂಡು ಬೀದಿಗೆ ಓಡಿಬಂದ್ರು. ಅಷ್ಟು ಜನ ಕಂಡು ಅವನಿಗೆ ಎಲ್ಲಿಲ್ಲದ ಹಿಗ್ಗು. ಜೋರಾಗಿ ಬಾರಿಸ್ದ. ಬಿಡದೆ ಬಾರಿಸ್ದ. ತಮಟೆ ಕೇಳಿದ ಕಾಲು ಸುಮ್ನಿರ್ತಾವಾ? ಒಬ್ಬ ಹೆಜ್ಜೆ ಹಾಕ್ದ, ಅವನ ಅತ್ತೆ ಹಾಕಿದ್ಲು, ಆಮೇಲೆ ಊರಿಗೂರೇ ಮಂಕರಿ ತಲೆಮೇಲಿಟ್ಕೊಂಡು ಬೀದೀಲಿ ಕುಣೀತು. ಏರಿ ಹತ್ರ ಕೆರೆ ನೀರು ನೋಡ್ಕೊಳೋ ನೀರಗಂಟಿ ಒಬ್ನೇ. ಕುಯ್ದ ಬಾಯಲ್ಲಿ ನೀರು ಜಿನುಗ್ತಾ ಇದೆ.

ನೀರಗಂಟಿ ಮೇಲಿಂದ ಕೂಗ್ದ, "ಲೇ, ನಿಮ್ಮಪ್ಪನ ಮದುವೆಯೇನ್ಲಾ? ಗತ್ತು ಬದಲಾಯ್ಸೋ."

ತಮಟೆಯೋನು ನಾಲಿಗೆ ಕಚ್ಕೊಂಡ. ನಡೆಗತ್ತು ಹಿಡಿದು ಏರಿ ಕಡೆ ತಿರುಗ್ದ. ಕುಣೀತಿದ್ದ ಕಾಲುಗಳೇ ಸಾಲಾಗಿ ಅವನ ಹಿಂದೆ ನಡೆದ್ವು. ಹೊಸ ತೂಬು ಕೂತ್ಕೊಂತು. ಮಂಕರಿ ಮೇಲೆ ಮಂಕರಿ ಮಣ್ಣು ಬಿತ್ತು. ಏರಿಯ ಬಾಯಿ ಮುಚ್ಕೊಂತು. ಆಗ ಅವನು ತಮಟೆ ಕೆಳಗಿಟ್ಟ. ಜನ ಅಲ್ಲೇ ಕೂತು ಉಂಡ್ರು, ಒಬ್ಬರ ಕುಣಿತ ಇನ್ನೊಬ್ರು ಅಣಕಿಸಿ ಹೊಟ್ಟೆ ಹುಣ್ಣಾಗೋ ಹಂಗೆ ನಕ್ರು.

ದ್ಯಾವಣ್ಣನೂ ನಕ್ಕ. ನಗ್ತಾನೇ ಎದೆ ಮುಟ್ಟಿ ನೋಡ್ಕೊಂಡ.

"ನಂಗಿನ್ನೂ ಹೊಡ್ಕೋತಾನೇ ಇದೆ, ಉಸ್ತಾದ್."

"ಹೊಡ್ಕೊಳ್ಲಿ ಬಿಡ್ಲಾ, ಅದು ಕರೆಗತ್ತು. ಒಳಗಿರೋ ಮೈ ಕಾಯೋರೆಲ್ಲ ಮಂಕರಿ ಹೊತ್ಕೊಂಡು ಈಚೆ ಬರ್ತಾವ್ರೆ."