ಮುಪ್ಪೇ ಇಲ್ಲದ ಕೊಂಡಸಾಗರ

ಕೊಂಡಸಾಗರದ ವೀರಭೂಪ ರಾಜನಿಗೆ ಮೂವತ್ತೊಂಬತ್ತು ವರ್ಷ. ಹೋದ ವರ್ಷವೂ ಮೂವತ್ತೊಂಬತ್ತೇ. ಮೊಮ್ಮಗನ ಮದುವೆಯಾದಾಗಲೂ ಅಷ್ಟೇ. ನಾನೇನೂ ಕಣ್ಣಾರೆ ಕಂಡವನಲ್ಲ. ಕಂಡಿದ್ದರೆ ಇಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ರಾಜನಿಗಿಂತ ಯಾರೂ ವಯಸ್ಸಿನಲ್ಲಿ ದೊಡ್ಡವರಾಗಬಾರದು ಎಂಬುದು ಆ ಊರಿನ ಕಟ್ಟುಪಾಡು. ಹಾಗಾಗಿ ಬೊಚ್ಚುಬಾಯಿಯ ಮಂತ್ರಿಗೆ ಮೂವತ್ತೆಂಟು. ಊರುಗೋಲಿನ ಸೇನಾಪತಿಗೆ ಮೂವತ್ತೇಳು. ರಾಜಮಾತೆಗೆ ಮೂವತ್ತಾರು. ತಾಯಿ ಮಗನಿಗಿಂತ ಚಿಕ್ಕವಳಾದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಕೇಳಿದವನ ವಯಸ್ಸೂ ಅಲ್ಲಿಗೇ ನಿಂತುಬಿಡುತ್ತಿತ್ತು.

ಪಾಪ, ಮಂಡಿನೋವಿನಿಂದ ರಾಜಮಾತೆ ಉಪ್ಪರಿಗೆ ಇಳಿದು ವರ್ಷಗಳೇ ಆಗಿದ್ದವು. ಕೆಳಗೆ ಹಿತ್ತಿಲಲ್ಲಿ ತಾನೇ ನೆಟ್ಟ ಸಂಪಿಗೆ ಹೂ ಬಿಟ್ಟಿದ್ದು ಅವಳಿಗೆ ಮೂಗಿನಿಂದಷ್ಟೇ ಗೊತ್ತು. ವೈದ್ಯರನ್ನು ಕರೆಸಿದರೆ, "ಮೂವತ್ತಾರಕ್ಕೆ ಮಂಡಿನೋವು ಬರುವುದಿಲ್ಲ ತಾಯಿ" ಎಂದು ಕೈಮುಗಿದು ಜಾರಿಕೊಳ್ಳುತ್ತಿದ್ದರು. ಬೇಸರ ಕಳೆಯಲು ಅವಳ ಜೊತೆ ಚೌಕಾಬಾರ ಆಡುತ್ತಿದ್ದವನು ಆಸ್ಥಾನದ ಜಾಣ ಹಂಪಣ್ಣ ಒಬ್ಬನೇ.

"ಸಾಯೋದರೊಳಗೆ ಒಂದ್ಸಲ ಆ ಮರದ ಕೆಳಗೆ ಕೂರಬೇಕು ಕಣೋ ಹಂಪಣ್ಣಾ."

"ಮೂವತ್ತಾರಕ್ಕೇ ಸಾವಿನ ಮಾತೇ ಅವ್ವಾ?"

"ಕಾಯಿ ನಡೆಸು. ಬಾಯಿ ನಡೆಸಿದ್ದು ಸಾಕು."

ಹೀಗಿರುವಾಗ ಒಂದು ದಿನ, ಸಿಂಹಾಸನದ ಮೆಟ್ಟಿಲು ಹತ್ತುವಾಗ ರಾಜನ ಮಂಡಿಯೇ ಲಟಕ್ ಎಂದಿತು. ಸಭೆಯೆಲ್ಲ ಕೆಮ್ಮಿ ಆ ಸದ್ದನ್ನು ಮುಚ್ಚಿತು.

"ನನಗೇನೂ ಆಗಿಲ್ಲ," ಎಂದ ರಾಜ, ಮಂಡಿ ಒತ್ತಿಕೊಳ್ಳುತ್ತಾ. "ಆದರೆ ಪಾಪ, ಪ್ರಜೆಗಳಿಗೆ ಮುಪ್ಪು ಬಂದರೆ? ನಮ್ಮ ಮಹಾಪಾಠಶಾಲೆಯಲ್ಲಿ ಮುಪ್ಪಿನ ಸಂಶೋಧನೆಗೆ ಒಂದು ಪೀಠವಾಗಲಿ. ಅದನ್ನು ಕಟ್ಟಿ ಬೆಳೆಸುವ ಗುರುವಿಗೆ ಒಂದು ಹಳ್ಳಿಯ ಉಂಬಳಿ!"

ಪಾಠಶಾಲೆಯಲ್ಲಿ ವೈದ್ಯವಿದ್ಯೆ ಕಲಿಸುತ್ತಿದ್ದ ಮಹದೇವಕ್ಕ ಎದ್ದಳು. "ನನಗೆ ಕೊಡಿ ಪ್ರಭು. ಶಿಷ್ಯರನ್ನು ತಯಾರು ಮಾಡುತ್ತೇನೆ. ಮನೆಮನೆಗೆ ಹೋಗಿ ಎಲ್ಲಿ ನೋವು, ಯಾವಾಗಿಂದ ಎಂದು ಕೇಳುತ್ತೇವೆ. ಮುಪ್ಪು ಹೋಗುವುದಿಲ್ಲ. ಮುಪ್ಪಿನಲ್ಲಿ ಮೆಟ್ಟಿಲು ಇಳಿಯುವ ದಾರಿ ಸಿಕ್ಕೀತು."

"ಇಷ್ಟೇನಾ?" ಪಾಠಶಾಲೆಯ ಮುಖ್ಯಸ್ಥ ಧರಣೀಧರ ಭಟ್ಟ ಗಹಗಹಿಸಿದ. "ಮೆಟ್ಟಿಲು ಇಳಿಯುವುದಕ್ಕೂ ಒಂದು ಶಾಸ್ತ್ರವೇ? ಉಂಬಳಿ ನನಗೆ ಕೊಡಿ ಪ್ರಭು. ವರ್ಷ ತಿರುಗುವುದರೊಳಗೆ ಮುಪ್ಪನ್ನೇ ರಾಜ್ಯದಿಂದ ಓಡಿಸುತ್ತೇನೆ!"

ಉಂಬಳಿ ಯಾರಿಗೆ ಸಿಕ್ಕಿತು ಎಂದು ನಿಮಗೆ ಬಿಡಿಸಿ ಹೇಳಬೇಕೇ?

ಭಟ್ಟನ ಸಂಶೋಧನೆ ಹೊಸ ಮನೆಯ ತೂಗುಮಂಚದ ಮೇಲೆ ಶುರುವಾಗಿ ಅಲ್ಲೇ ನಿದ್ದೆಹೋಯಿತು. ವರ್ಷ ತಿರುಗಿತು. ಭಟ್ಟ ಎದೆಯುಬ್ಬಿಸಿ ಸಭೆಗೆ ಬಂದ.

"ಪ್ರಭು, ಊರೆಲ್ಲ ಹುಡುಕಿಸಿದೆ. ಮೂವತ್ತೊಂಬತ್ತು ದಾಟಿದ ನರಪಿಳ್ಳೆ ಒಂದೂ ಸಿಗಲಿಲ್ಲ. ಮುಪ್ಪು ಓಡಿಹೋಗಿದೆ! ಈಗ ಮಹದೇವಕ್ಕನಂಥವರ ಮದ್ದು-ಗಿದ್ದಿನ ಪಾಠ ನಿಲ್ಲಿಸಿ, ಉಂಬಳಿಯನ್ನು ನನಗೆ ಜೀವಮಾನಕ್ಕೆ ಬರೆದುಕೊಟ್ಟರೆ ಸಾಕು."

ಮಂತ್ರಿ ಬೊಚ್ಚುಬಾಯಿ ತೆರೆದ, ಮುಚ್ಚಿದ. ಸುಳ್ಳು ಎಂದರೆ ರಾಜನಿಗೇ ವಯಸ್ಸಾಗಿದೆ ಎಂದಂತೆ. ಸೇನಾಪತಿ ಊರುಗೋಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

ಮೇಲೆ, ಸಭೆಯತ್ತ ತೆರೆದ ಉಪ್ಪರಿಗೆಯ ಕಿಟಕಿಯಲ್ಲಿ ರಾಜಮಾತೆಯ ಮುಖ ಬಾಡಿತು. ಹಂಪಣ್ಣ ಅದನ್ನು ಕಂಡ. ತಟ್ಟನೆ ಚಪ್ಪಾಳೆ ಹೊಡೆದ.

"ಭಲೇ ಭಟ್ಟರೇ! ಪ್ರಭು, ಉಂಬಳಿಯ ತಾಮ್ರಪಟ ಈಗಲೇ ಕೊಡೋಣ. ಆದರೆ ನಮ್ಮ ಹಿರಿಯರ ಪದ್ಧತಿಯಂತೆಯೇ ಕೊಡಬೇಕು."

"ಯಾವ ಪದ್ಧತಿ?"

"ಮರೆತಿರಾ? ಸಭೆಯೆಲ್ಲ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಕೊಡುಗೆ ಪಡೆದವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ನೆಲ ಮುಟ್ಟದೆ ಎದ್ದು ನಿಲ್ಲಬೇಕು. ಆಮೇಲೆ ರಾಜರು, ಮಂತ್ರಿಗಳು, ಎಲ್ಲರೂ ಹಾಗೇ ಏಳಬೇಕು. ಯಾಕೋ ಏನೋ, ಇತ್ತೀಚೆಗೆ ಬಿಟ್ಟುಹೋಗಿತ್ತು. ಈಗ ಮುಪ್ಪೇ ಓಡಿಹೋಗಿದೆಯಲ್ಲ, ಇನ್ನೇನು ಅಡ್ಡಿ?"

ಅಡ್ಡಿ ಏನೆಂದು ಹೇಳುವ ಹಾಗಿಲ್ಲ! ರಾಜ ಕೂತ. ಮಂತ್ರಿ ಕೂತ. ಸೇನಾಪತಿ ಅರ್ಧ ಕೂತ, ಉಳಿದರ್ಧ ಬಿದ್ದ. ಭಟ್ಟ ಕೂತು, ಭಾರದ ತಾಮ್ರಪಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಏಳಿ ಭಟ್ಟರೇ."

ಭಟ್ಟ ಮುಂದಕ್ಕೆ ವಾಲಿದ. ಹಿಂದಕ್ಕೆ ವಾಲಿದ. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಕುಂಡಿ ಮಾತ್ರ ನೆಲ ಬಿಡಲಿಲ್ಲ.

"ಯಾಕೆ ಭಟ್ಟರೇ, ನಿಮಗೆ ಮೂವತ್ತೈದಲ್ಲವೇ?"

"ಉಸ್ಸಪ್ಪಾ... ಆಗೋದಿಲ್ಲ ಮಾರಾಯ! ವಯಸ್ಸಾಯಿತಯ್ಯಾ, ವಯಸ್ಸಾಯಿತು! ಯಾರಾದರೂ ಎತ್ತಿ!"

"ಪ್ರಭು, ಸಿಕ್ಕರು!" ಹಂಪಣ್ಣ ಕೂಗಿದ. "ಭಟ್ಟರು ವರ್ಷವಿಡೀ ಹುಡುಕಿದ ಮುದುಕರು ಅವರ ತೂಗುಮಂಚದ ಮೇಲೇ ಇದ್ದರು!"

ರಾಜ ನಗುತ್ತಾ ಏಳಲು ಹೋಗಿ "ಅವ್ವಾ!" ಎಂದು ಚೀರಿ ಮತ್ತೆ ಕುಸಿದ.

"ಏಳೋ ಮಗನೇ!" ಕಿಟಕಿಯಿಂದ ರಾಜಮಾತೆ ಕೂಗಿದಳು. "ನಾನು ಮೂವತ್ತಾರರವಳು, ಎತ್ತಲಿಕ್ಕೆ ಬರಲೇ?"

ರಾಜ ಮಂಡಿ ಹಿಡಿದುಕೊಂಡೇ ಕೇಳಿದ: "ಹಂಪಣ್ಣಾ, ನಿಜ ಹೇಳು. ನನಗೆಷ್ಟು ವಯಸ್ಸು?"

"ಮೂವತ್ತೊಂಬತ್ತೇ ಪ್ರಭು. ಆದರೆ ರಾಜಾಜ್ಞೆ ಮಂಡಿಯವರೆಗೆ ಇಳಿದಿಲ್ಲ. ಅದಕ್ಕೆ ಅರವತ್ತನಾಲ್ಕು."

ರಾಜ ನೆಲದ ಮೇಲೆ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ಅಲ್ಲೇ ಆಜ್ಞೆ ಹೊರಟಿತು: ಎಲ್ಲರೂ ತಮ್ಮ ತಮ್ಮ ವಯಸ್ಸನ್ನು ವಾಪಸು ಪಡೆಯತಕ್ಕದ್ದು. ಉಂಬಳಿಯೂ ಪೀಠವೂ ಮಹದೇವಕ್ಕನಿಗೆ. ಭಟ್ಟನ ಹೊಸ ಮನೆ ಅವಳ ಶಿಷ್ಯರಿಗೆ. ಶಿಷ್ಯರು ಮಂಡಿನೋವು ಕಲಿಯಲು ಮೊದಲ ಮಂಡಿ ಭಟ್ಟನದು.

ಮಹದೇವಕ್ಕ ಶಿಷ್ಯರೊಡನೆ ಎಣ್ಣೆ ಕಾಯಿಸಿದಳು, ಉಪ್ಪರಿಗೆಗೆ ಗಿಡ್ಡ ಮೆಟ್ಟಿಲು ಕಟ್ಟಿಸಿದಳು. ಸಂಪಿಗೆ ಮತ್ತೆ ಬಿಡುವಷ್ಟರಲ್ಲಿ ರಾಜಮಾತೆ ಮರದ ಕೆಳಗೆ ಕೂತು ಹಂಪಣ್ಣನನ್ನು ಚೌಕಾಬಾರದಲ್ಲಿ ಸೋಲಿಸುತ್ತಿದ್ದಳು. ನೋಡಲು ಬಂದ ರಾಜನಿಗೆ ಏನೋ ನೆನಪಾಯಿತು.

"ಅಲ್ಲಯ್ಯಾ, ಅವತ್ತು ಸಭೆಯೆಲ್ಲ ನೆಲಕ್ಕೆ ಕೂತಿತ್ತು. ನೀನೊಬ್ಬ ಮಾತ್ರ ನಿಂತೇ ಇದ್ದೆಯಲ್ಲ, ಯಾಕೆ?"

ಹಂಪಣ್ಣ ಕೈಮುಗಿದ.

"ಹಿರಿಯರ ಎದುರು ಕಿರಿಯರು ಕೂರಬಾರದು ಪ್ರಭು. ಸಭೆಯಲ್ಲಿ ಹಿರಿಯರಿದ್ದಾರೆ ಎಂದು ಅವತ್ತು ಗೊತ್ತಿದ್ದದ್ದು ನನಗೊಬ್ಬನಿಗೇ!"